ಯಾರ ಸಲುವಾಗಿ, ಸಿಸ್ಟರ್?

ರೊಟ್ಟಿ ಬಡಿಯುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೈ ಹಿಟ್ಟಿನ ಮೇಲೆ ಬಿದ್ದ ಕೂಡಲೇ ಗಂಟಲಿನಿಂದ ಒಂದು ರಾಗ ತಾನಾಗಿಯೇ ಹೊರಡುತ್ತದೆ. ಕಮಲಾಪುರದಲ್ಲಿ ನಮ್ಮವ್ವ ಒಲೆಯ ಮುಂದೆ ಕುಳಿತು ಚರ್ಚಿನ ಕೀರ್ತನೆ ಗುನುಗುತ್ತ ರೊಟ್ಟಿ ಬಡಿಯುತ್ತಿದ್ದಳು. ನಾನು ರೊಟ್ಟಿಯನ್ನೂ ಕೀರ್ತನೆಯನ್ನೂ ಒಟ್ಟಿಗೇ ಕಲಿತೆ, ಈಗ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ರಾಗ ನಿಲ್ಲಿಸಿದರೆ ರೊಟ್ಟಿ ಹರಿಯುತ್ತದೆ. ಬೇಕಾದರೆ ಬಂದು ನೋಡಿ, ನಾನೇ ಪರೀಕ್ಷೆ ಮಾಡಿದ್ದೇನೆ.

ಹೋದ ವಾರ ಶಹಾಬಜಾರದ ನಮ್ಮ ಗಲ್ಲಿಯ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ನಾನು ಕ್ರೈಸ್ತ ಧರ್ಮ ಬಿಟ್ಟು ಇಸ್ಲಾಮಿಗೆ ಬಂದು ಎರಡು ವರ್ಷವಾಗುತ್ತ ಬಂತು. ನನ್ನ ನಮಾಜಿನ ಉಚ್ಚಾರಣೆ ತಿದ್ದುವ ಹೊಣೆಯನ್ನು ಇವರಿಬ್ಬರೂ ಯಾರೂ ಕೇಳದೆಯೇ ಹೊತ್ತುಕೊಂಡಿದ್ದಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಗುನುಗು ಕೇಳಿಸಿಕೊಂಡರು. ಒಬ್ಬಳು ಮೆಲ್ಲಗೆ, "ಸಿಸ್ಟರ್, ಅದು ಇನ್ನೂ ಬಿಟ್ಟಿಲ್ಲೇನ್ರೀ?" ಎಂದಳು.

"ಯಾವುದು?"

"ಆ ಹಾಡ್ರಿ. ಆ ಕಡೀದು."

"ನಿಮಗ ರೊಟ್ಟಿ ಬೇಕೋ ಬ್ಯಾಡೋ?" ಎಂದೆ.

ಬೇಕು ಎಂದರು. ಪುಂಡಿಪಲ್ಯೆಯ ಜೊತೆ ಮೂರು ಮೂರು ತಿಂದರು. ತಿಂದು, ಕೈ ತೊಳೆದು, ಚಪ್ಪಲಿ ಮೆಟ್ಟುವಾಗ ಮತ್ತೆ ಹೇಳಿದರು, ಬಿಟ್ಟುಬಿಡ್ರಿ ಎಂದು. ಅವರ ಹೊಟ್ಟೆಯೊಳಗೆ ಹೋದ ರೊಟ್ಟಿ ಆ ಹಾಡಿನದೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಆ ಸಿಟ್ಟಿನಲ್ಲೇ ನಾನು ಇದನ್ನು ಬರೆಯಲು ಕುಳಿತದ್ದು.

ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಹೆಸರು ಸಮಾಧಾನಮ್ಮ. ಇಟ್ಟವರದು ತಪ್ಪಿಲ್ಲ, ಹುಟ್ಟಿದ ದಿನ ನಾನು ಅಳಲಿಲ್ಲವಂತೆ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆ ವಾರ್ಡಿನಲ್ಲಿ. ಹೊಸಬರು ಹೆಸರು ಕೇಳಿ ಖುಷಿಪಡುತ್ತಿದ್ದರು. ಹಳಬರು, "ಇವತ್ತು ಸಮಾಧಾನ ಸಿಸ್ಟರ್ ಡ್ಯೂಟಿ ಅದ" ಎಂಬ ಸುದ್ದಿ ಬಂದೊಡನೆ ಬಾಣಂತಿಯ ಅತ್ತೆಯನ್ನೂ ಅತ್ತೆಯ ತಂಗಿಯನ್ನೂ ಗಂಟುಮೂಟೆ ಸಮೇತ ವರಾಂಡಕ್ಕೆ ಸಾಗಿಸುತ್ತಿದ್ದರು. ಹೆಣ್ಣು ಹುಟ್ಟಿತೆಂದು ಮೋರೆ ಗಂಟಿಕ್ಕಿದ ಗಂಡಂದಿರಿಗೆ ನಾನು ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಂಥವಳು ನಾನು. ಅರವತ್ತಮೂರು ವಯಸ್ಸು, ಮದುವೆಯಿಲ್ಲ, ಮೈಯಲ್ಲಿ ಸಕ್ಕರೆ, ಎರಡೂ ಮಂಡಿ ಸವೆದು ನಮಾಜಿಗೂ ಪ್ಲಾಸ್ಟಿಕ್ ಕುರ್ಚಿ ಬೇಕು. ಇಂಥ ಹೆಂಗಸು ಧರ್ಮ ಬದಲಿಸಿದಳು ಎಂದಾಗ ಈ ಊರಿಗೆ ಹೊಳೆದ ಪ್ರಶ್ನೆ ಒಂದೇ ಒಂದು. ಯಾರ ಸಲುವಾಗಿ?

ಯಾರ ಸಲುವಾಗಿ ಎಂದರೆ ಯಾವ ಗಂಡಸಿನ ಸಲುವಾಗಿ ಎಂದರ್ಥ. ಹೆಂಗಸಿನ ತಲೆಗೆ ಅದರದೇ ಆದ ಕೆಲಸ ಇರಬಹುದು ಎಂಬುದು ಯಾರಿಗೂ ಬೇಕಿಲ್ಲ.

ನಮ್ಮದು ಕಮಲಾಪುರದ ಕ್ರಿಸ್ತಾನರ ಓಣಿ. ಅಪ್ಪ ಚರ್ಚಿನ ಗಂಟೆ ಬಾರಿಸುವವನು. ಅವ್ವ ಓದು ಕಲಿತದ್ದು ಮೂವತ್ತು ದಾಟಿದ ಮೇಲೆ, ಅದೂ ಚರ್ಚಿನಲ್ಲಿ ಕೊಟ್ಟ ಕಪ್ಪು ರಟ್ಟಿನ ಬೈಬಲ್ ಪುಸ್ತಕದಿಂದಲೇ. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಬೆರಳು ಮುಂದೆ ಹೋದ ಹಾಗೆ ತುಟಿ ಮುಂದೆ ಹೋಗುತ್ತಿತ್ತು. ಅವಳು ಓದಿದ ಪುಟಗಳ ಅಂಚಿನಲ್ಲೆಲ್ಲ ಅರಿಶಿನದ ಕಲೆ. ನಾನು ಶಾಲೆಯಲ್ಲಿ ಬೇಗ ಓದಲು ಕಲಿತೆ ಎಂದು ಅವಳಿಗೆ ಹೆಮ್ಮೆ, ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚು. "ಸಾವಕಾಶ ಓದ್ಬೇ, ದೇವರಿಗಿ ಎಲ್ಲೂ ಬಸ್ ತಪ್ಪಂಗಿಲ್ಲ" ಎನ್ನುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ ನಾಟಕ ಇರುತ್ತಿತ್ತು. ಐದು ವರ್ಷ ಒಂದೇ ಸಮನೆ ನನಗೆ ಯೇಸುವಿನ ತಾಯಿ ಮರಿಯಳ ಪಾತ್ರ. ಮಾತಿಲ್ಲದ ಪಾತ್ರ ಅದು, ನನಗೆ ಯಾಕೆ ಕೊಟ್ಟರೋ. ನೀಲಿ ಸೀರೆ ಹೊದ್ದು ಹುಲ್ಲಿನ ಪಕ್ಕ ಕುಳಿತು ಬೊಂಬೆಯನ್ನು ನೋಡಿ ನಗುವುದು. ತಮ್ಮ ದಾನಿಯೇಲ ಕುರಿ. ಬಿಳಿ ಹತ್ತಿ ಅಂಟಿಸಿಕೊಂಡು ನನ್ನ ಕಾಲ ಬಳಿ ಮೊಣಕಾಲೂರಿ ಕೂರುತ್ತಿದ್ದ, ಬೇಸರವಾದಾಗ ನನ್ನ ಹಿಮ್ಮಡಿ ಚಿವುಟುತ್ತಿದ್ದ. ಒಂದು ವರ್ಷ ನಾಟಕದ ತಾಲೀಮಿನ ಹೊತ್ತಿಗೇ ನಮ್ಮ ಪಕ್ಕದ ಮನೆಯಾಕೆಗೆ ಹೆರಿಗೆ ನೋವು ಬಂದಿತ್ತು. ಗೋಡೆಯಾಚೆಯಿಂದ ಆಕೆ ಅರಚುವುದನ್ನು ಎರಡು ದಿನ ಕೇಳಿದ್ದೆ. ನಾಟಕ ಕಲಿಸುವ ಟೀಚರಿಗೆ, "ಮರಿಯಳಿಗಿ ನೋವು ಬರ್ಲಿಲ್ಲೇನ್ರಿ?" ಎಂದು ಕೇಳಿದೆ. ಅವರು ನನ್ನ ಕಿವಿ ಹಿಂಡಿ, "ಸುಮ್ನ ನಗು" ಎಂದರು. ನಕ್ಕೆ.

ಅಲ್ಲಿಂದ ಹೆರಿಗೆ ವಾರ್ಡಿನವರೆಗೂ, ಆಮೇಲೂ, ನಾನು ಒಳ್ಳೆಯ ಕ್ರಿಸ್ತಾನಳಾಗಿಯೇ ಇದ್ದೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಈಗ ಎಲ್ಲರೂ ನಾನು ಮೊದಲಿಂದಲೂ ಚರ್ಚಿನ ಮೇಲೆ ಮುನಿಸಿಕೊಂಡಿದ್ದೆ ಎಂದು ಕಥೆ ಕಟ್ಟುತ್ತಾರೆ. ಡ್ಯೂಟಿ ಇಲ್ಲದ ಭಾನುವಾರ ಒಂದೂ ತಪ್ಪಿಸಿದವಳಲ್ಲ.

ನಿವೃತ್ತಿಯಾದ ವರ್ಷ ಪಕ್ಕದ ಮನೆಯ ಖುರ್ಷಿದ್ ಆಪಾ ನನ್ನನ್ನು ಕರೆದರು. ಶಹಾಬಜಾರದ ಈ ಗಲ್ಲಿ ಎಷ್ಟು ಇಕ್ಕಟ್ಟೆಂದರೆ ನನ್ನ ಮನೆಯ ಒಗ್ಗರಣೆಗೆ ಅವರ ಮನೆಯಲ್ಲಿ ಸೀನು ಬರುತ್ತದೆ. ಇಪ್ಪತ್ತು ವರ್ಷದ ನೆರೆಹೊರೆ ನಮ್ಮದು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ತೀರಿದ ಮೇಲೆ ಒಬ್ಬರೇ ಇದ್ದರು. ಮಗಳು ಸೊಲ್ಲಾಪುರದಲ್ಲಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆದರೆ ಆಪರೇಶನ್ನಿಗೆ ಹೆದರಿ ಮುಂದೆ ಹಾಕುತ್ತಿದ್ದರು. ಹಸಿರು ಬಟ್ಟೆಯಲ್ಲಿ ಸುತ್ತಿದ ಒಂದು ದಪ್ಪ ಪುಸ್ತಕವನ್ನು ತೋರಿಸಿ ಹೇಳಿದರು: "ಸಿಸ್ಟರಮ್ಮಾ, ಸಣ್ಣಾಕಿ ಇದ್ದಾಗಿಂದ ಅರಬ್ಬಿ ಕುರಾನ್ ಓದೀನಿ. ಅರ್ಥ ಒಂದೂ ಗೊತ್ತಿಲ್ಲ. ಈಗ ಮಗಳು ಕನ್ನಡದ್ದು ತಂದಿಟ್ಟಾಳ. ಕಣ್ಣು ಹೋದ ಮ್ಯಾಲ ತಂದಾಳ ನೋಡು, ಶಾಣ್ಯಾಕಿ! ಸಾಯೋದ್ರಾಗ ಇದ್ರಾಗ ಏನದ ಅಂತ ಒಮ್ಮಿ ಕೇಳಬೇಕು."

"ನಾ ಓದಬಹುದೇನ್ರಿ ಆಪಾ? ನಾ ಕ್ರಿಸ್ತಾನಾಕಿ."

"ಕೈಕಾಲು ಮಾರಿ ತೊಳಕೊಂಡು ಬಾ. ಕಣ್ಣು ನಿಂದು, ಕಿವಿ ನಂದು. ಓದು."

ಹೀಗೆ ಶುರುವಾಯಿತು. ದಿನಾ ಸಂಜೆ ನಾಲ್ಕರಿಂದ ಐದು. ಮೊದಲ ತಿಂಗಳು ನಾನು ಕೇಸ್ ಶೀಟ್ ಓದುವ ಹಾಗೆ ಓದಿದೆ, ಗಟ್ಟಿಯಾಗಿ, ಸ್ಪಷ್ಟವಾಗಿ, ಮನಸ್ಸನ್ನು ಮನೆಯಲ್ಲೇ ಬಿಟ್ಟು. ಆಪಾ ಗೊಣಗಿದರು: "ಔಷಧಿ ಚೀಟಿ ಓದಿದಂಗ ಓದಬ್ಯಾಡ್ರೀ ಬಾಯಿ. ಗುಳಿಗಿ ನುಂಗ್ಲಾಕತ್ತೀನೇನು ನಾ?" ಅಲ್ಲಿಂದ ಸ್ವಲ್ಪ ನಿಧಾನಿಸಿದೆ. ಅಲ್ಲಲ್ಲಿ ಪರಿಚಯದವರು ಎದುರಾಗತೊಡಗಿದರು. ಮೋಶೆ, ಯೋನ, ಜಕರೀಯ, ಎಲ್ಲ ನಮ್ಮವ್ವನ ಪುಸ್ತಕದವರೇ, ಸ್ವಲ್ಪ ಬೇರೆ ಹೆಸರಿನಲ್ಲಿ. ಬೇರೆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಓಣಿಯವರು ಸಿಕ್ಕ ಹಾಗೆ ಖುಷಿಯಾಗುತ್ತಿತ್ತು.

ಒಂದು ಸಂಜೆ ಮರಿಯಮ್ಮಳ, ಅಂದರೆ ನಮ್ಮ ಮರಿಯಳ, ಪ್ರಸಂಗ ಬಂತು. ಆಕೆ ಊರಿಂದ ದೂರ ಹೋಗಿದ್ದಾಳೆ. ಜೊತೆಗೆ ಯಾರೂ ಇಲ್ಲ. ನೋವು ಬಂದು ಖರ್ಜೂರದ ಮರದ ಬೊಡ್ಡೆಯನ್ನು ಹಿಡಿದಿದ್ದಾಳೆ. ಇದಕ್ಕಿಂತ ಮೊದಲೇ ಸತ್ತು ಎಲ್ಲರಿಗೂ ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂದು ಕೂಗುತ್ತಾಳೆ. ಆಗ ಆಕೆಗೆ ಬಂದ ಉತ್ತರ ಏನು? ದುಃಖಪಡಬೇಡ, ಕೆಳಗೆ ನೀರಿದೆ, ಮರ ಅಲ್ಲಾಡಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ.

ನಾನು ಓದುವುದನ್ನು ನಿಲ್ಲಿಸಿದೆ.

ಆ ಕೂಗು ನನಗೆ ಗೊತ್ತು. ಇಪ್ಪತ್ತು ವರ್ಷ ಅದೇ ಕೂಗನ್ನು ಕೇಳಿದ್ದೇನೆ. ಆಳಂದದ ಹುಡುಗಿಯೂ ಸೇಡಂ ಕಡೆಯ ಹುಡುಗಿಯೂ ಮಂಚದ ಕಬ್ಬಿಣ ಹಿಡಿದು, ಜಾತಿ ಕುಲ ಒಂದೂ ನೋಡದೆ, ಮೊದಲೇ ಸತ್ತಿದ್ದರೆ ಪಾಡಿತ್ತು ಎಂದೇ ಅರಚುತ್ತಿದ್ದರು. ನಾನು ಹೇಳುತ್ತಿದ್ದುದೂ ಅದೇ, ಅಂಜಬ್ಯಾಡ, ಒಂದು ಗುಟುಕು ನೀರು ಕುಡಿ, ಶಕ್ತಿಗೆ ಒಂದು ಚೂರು ಸಿಹಿ ತಿನ್ನು. ನೀಲಿ ಸೀರೆ ಹೊದ್ದು ಐದು ವರ್ಷ ನಕ್ಕವಳು ನಾನು. ಹನ್ನೊಂದನೆಯ ವಯಸ್ಸಿನಲ್ಲಿ ಕೇಳಿ ಕಿವಿ ಹಿಂಡಿಸಿಕೊಂಡ ಪ್ರಶ್ನೆಗೆ ಅರವತ್ತು ದಾಟಿದ ಮೇಲೆ ಉತ್ತರ ಬಂತು. ಕೊಟ್ಟವರು ಯಾರೋ ಹೆರಿಗೆಯ ಹೊತ್ತನ್ನು ಬಲ್ಲವರು ಎನ್ನಿಸಿತು.

"ಯಾಕ ನಿಂತಿ?" ಎಂದರು ಆಪಾ.

"ಆಪಾ, ಈಕಿ ನೋವು ತಿಂದಾಳ್ರಿ."

"ಹೆಂಗಸು ಅಲ್ಲೇನು, ತಿಂತಾಳ. ಮುಂದ ಓದು."

ಅಂದೇ ನಾನು ಬದಲಾದೆ ಎಂದು ಬರೆದರೆ ಓದಲು ಚಂದ, ಆದರೆ ಸುಳ್ಳು. ಅದಾದ ಮೇಲೂ ಒಂದೂವರೆ ವರ್ಷ ಓದಿದೆವು. ಆಪಾ ಸೊಲ್ಲಾಪುರಕ್ಕೆ ಹೋದಾಗ ಆ ಪುಸ್ತಕವನ್ನು ಕೇಳಿ ತಂದು ಒಬ್ಬಳೇ ಓದಿದೆ. ಆಪಾ ನಮಾಜಿಗೆ ಬಗ್ಗಿ ಹಣೆಯನ್ನು ನೆಲಕ್ಕೆ ಹಚ್ಚುವಾಗ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ನನಗೂ ಹಾಗೆ ಬಗ್ಗಬೇಕೆನ್ನಿಸುತ್ತಿತ್ತು. ಬಗ್ಗಲು ಬಾರದ ಮಂಡಿ, ಆದರೂ ಅನ್ನಿಸುವುದು ನಿಲ್ಲಲಿಲ್ಲ. ಈ ಕಡೆ ಚರ್ಚಿನಲ್ಲಿ ಎಲ್ಲರ ಜೊತೆ ಎದ್ದು ನಿಂತು ವಿಶ್ವಾಸದ ಮಾತುಗಳನ್ನು ಹೇಳುವಾಗ ಯೇಸು ದೇವರ ಮಗ ಎಂಬ ಒಂದೆರಡು ಸಾಲುಗಳಿಗೆ ನನ್ನ ಬಾಯಿ ತೆರೆಯದಾಯಿತು. ಮೊದಲು ಕೆಮ್ಮಿದೆ. ಪ್ರತಿ ವಾರವೂ ಅದೇ ಸಾಲಿಗೆ ಕೆಮ್ಮು ಬಂದರೆ ಪಕ್ಕದವರು ಸುಮ್ಮನಿರುತ್ತಾರೆಯೇ? ಒಬ್ಬಾಕೆ ಶುಂಠಿ ಕಷಾಯ ಹೇಳಿದಳು. ಸುಳ್ಳು ಕೆಮ್ಮಿಗೆ ನಿಜವಾದ ಕಷಾಯ ಕುಡಿದ ದಿನ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಇನ್ನು ಸಾಕು ಎಂದುಕೊಂಡೆ.

ಮೊದಲು ಹೇಳಿದ್ದು ಆಪಾಗೆ. ಅವರು ಅಪ್ಪಿಕೊಂಡು ಅಳುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ತಲೆ ಬಡಿದುಕೊಂಡರು.

"ಅರೆ ತೌಬಾ! ನಾ ನಿನಗ ಓದು ಅಂದಿದ್ದೆ, ಬಾ ಅಂದಿದ್ದೆನೇನು? ಕೈಕು, ಯಾಕ ಬೇಕು ನಿನಗ ಈ ವಯಸ್ಸಿನಾಗ? ನಾಳಿ ಗಲ್ಲಿ ಮಂದಿ ಏನಂತಾರ? ಮುದುಕಿ ಕುರುಡು ನಾಟಕ ಮಾಡಿ, ದಿನಾ ಕರದು, ಓದಿಸಿ ಓದಿಸಿ ಒಂದು ಒಂಟಿ ಹೆಣ್ಮಗಳಿಗಿ ಬಲ್ಯಾಗ ಕೆಡವಿತು ಅಂತಾರ! ನಿನ್ನ ತಮ್ಮ ಬಂದು ನನ್ನ ಬಾಗಿಲಿಗಿ ನಿಂತ್ರ ನಾ ಏನು ಹೇಳ್ಲಿ?"

"ನಾನೇ ಹೇಳ್ತೀನ್ರಿ ಆಪಾ."

"ನಕ್ಕೊ. ಏನೂ ಹೇಳಬ್ಯಾಡ. ಪುಸ್ತಕ ಇಟ್ಟು ಹೋಗು."

ಹದಿನೈದು ದಿನ ಮಾತಿಲ್ಲ. ಒಗ್ಗರಣೆಗೆ ಸೀನು ಮಾತ್ರ ಬರುತ್ತಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಧರ್ಮದ ಬಾಗಿಲಲ್ಲಿ ನನ್ನನ್ನು ಮೊದಲು ತಡೆದದ್ದು ಅದೇ ಧರ್ಮದ ಮುದುಕಿ! ಹದಿನಾರನೆಯ ದಿನ ಗೋಡೆಯಾಚೆಯಿಂದ ಕೂಗು ಬಂತು: "ಅರ್ಧಕ್ಕ ನಿಲ್ಲಿಸಿ ಹೋಗೀದಿ. ಬಾ, ಮುಂದಿಂದು ಓದು." ಹೋಗಿ ಓದಿದೆ. ಮುಗಿದ ಮೇಲೆ ಪುಸ್ತಕಕ್ಕೆ ಬಟ್ಟೆ ಸುತ್ತುತ್ತ ಅಂದರು: "ನಿನ್ನ ಮನಸ್ಸು ನಿಂದು. ಆದರ ನಾ ನಿನ್ನ ಕೈ ಹಿಡದು ಕರಕೊಂಡು ಹೋಗಂಗಿಲ್ಲ. ನಿನ್ನ ಕಾಲಿಲೆ ನೀ ಹೋಗು."

ನನ್ನ ಕಾಲಿನಿಂದ ನಾನು ಮಸೀದಿಗೆ ಹೋದೆ. ಸವೆದ ಮಂಡಿಯ ಕಾಲು, ಹತ್ತು ಹೆಜ್ಜೆಗೊಮ್ಮೆ ನಿಂತು ಹೋಗಿದ್ದನ್ನು ಗಲ್ಲಿಯ ಅರ್ಧ ಮಂದಿ ನೋಡಿದ್ದಾರೆ. ಆದರೂ ಯಾರೋ ಎಳೆದುಕೊಂಡು ಹೋದರು ಎಂದೇ ಹೇಳುತ್ತಾರೆ.

ಅಲ್ಲಿನ ಮೌಲಾನಾ ಸಾಹೇಬರು ವಯಸ್ಸಾದವರು, ಸಭ್ಯರು. ಕುರ್ಚಿ ಹಾಕಿಸಿದರು, ನೀರು ಕೊಡಿಸಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ನಿಕಾಹ್ ಯಾರ ಜೋಡಿ ಅದ ತಾಯಿ?"

"ನಿಕಾಹ್ ಇಲ್ರಿ."

"ಇಲ್ಲ? ಮತ್ತ ಯಾರ ಸಲುವಾಗಿ ಬಂದೀರಿ?"

"ದೇವರ ಸಲುವಾಗಿ ಬರ್ತಾರ ಅಂತ ತಿಳದಿದ್ದೆ ಇಲ್ಲಿಗಿ" ಎಂದೆ. ದನಿ ವಾರ್ಡಿನದೇ ಇತ್ತು. ಪಾಪ, ಅವರು ಬೆಚ್ಚಿದರು. ತಪ್ಪು ತಿಳಿಯಬೇಡಿ, ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹಾಗೇ ಬರುತ್ತಾರೆ ಎಂದರು. ನಾಲ್ಕು ಸಲ ಮನೆಗೆ ಕಳಿಸಿ, ಯೋಚನೆ ಮಾಡಿ ಬನ್ನಿ ಎಂದರು. ಐದನೆಯ ಸಲ, ಧರ್ಮಕ್ಕೆ ಸೇರುವ ವಚನವಾದ ಕಲ್ಮಾ ಹೇಳಿಸಿದರು. ಹೆಸರು ಬದಲಿಸಬೇಕೇನ್ರಿ ಎಂದು ನಾನೇ ಕೇಳಿದೆ. ನನ್ನ ಹೆಸರಿನ ಅರ್ಥ ಕೇಳಿಕೊಂಡು, "ಸಮಾಧಾನ ಇರ್ಲಿ ಬಿಡ್ರಿ, ನಮ್ಮ ಮಂದಿಗೂ ಅದು ಕಡಿಮಿ ಅದ" ಎಂದರು. ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಇಳಿದದ್ದನ್ನು ಮತ್ತೆ ಏರಿಸಿದವನು ಕೋರ್ಟಿನ ಮುಂದಿನ ಟೈಪಿಸ್ಟ್. ಮುಂದೆ ಯಾರಾದರೂ ತಕರಾರು ತೆಗೆದರೆ ಇರಲಿ, ಸ್ವಂತ ಇಚ್ಛೆಯಿಂದ ಎಂದು ಒಂದು ಅಫಿಡವಿಟ್ ಮಾಡಿಸಿಡಿ ಎಂದು ಮೌಲಾನಾ ಹೇಳಿದ್ದರು. ಟೈಪಿಸ್ಟ್ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಒಂದು ನಮೂನೆ ತೆಗೆದ. ಹೆಸರು, ವಯಸ್ಸು, ವಿಳಾಸ ತುಂಬಿದ. "ಹುಡುಗನ ಹೆಸರು ಹೇಳ್ರಿ" ಎಂದ.

"ಯಾವ ಹುಡುಗ?"

"ಲಗ್ನ ಆಗೋ ಹುಡುಗ್ರಿ."

ವಯಸ್ಸಿನ ಜಾಗದಲ್ಲಿ ಅರವತ್ತೆರಡು ಎಂದು ಆಗಷ್ಟೇ ಅವನ ಬೆರಳೇ ಹೊಡೆದಿತ್ತು. ಹುಡುಗ ಇಲ್ಲ, ಲಗ್ನ ಇಲ್ಲ, ಆ ಸಾಲು ತೆಗೆ ಎಂದೆ. "ಅದು ತೆಗೆದ್ರ ಕಾರಣ ಅಂತ ಏನು ಹಾಕೋದ್ರಿ ಮೇಡಮ್? ಕಾರಣ ಇಲ್ಲದ ನಮೂನಿ ನಮ್ಮ ಬಲ್ಲಿ ಇಲ್ರಿ" ಎಂದ. "ಓದಿ, ವಿಚಾರ ಮಾಡಿ, ಅಂತ ಹಾಕು" ಎಂದೆ. ಅವನು ಪಕ್ಕದ ಟೈಪಿಸ್ಟನನ್ನು ನೋಡಿದ. ಇಬ್ಬರೂ ಸೇರಿ ನನ್ನನ್ನು ನೋಡಿದರು. ಬಿಸಿಲಲ್ಲಿ ಒಂದು ಗಂಟೆ ನಿಂತು ಆ ಮೂರು ಶಬ್ದಗಳನ್ನು ಹಾಕಿಸಿಕೊಂಡೇ ಬಂದೆ. ವಿಚಾರ ಎಂಬುದನ್ನು ಎರಡು ಸಲ ತಪ್ಪು ಹೊಡೆದ.

ಸುದ್ದಿ ಹರಡಿದ ಮೇಲೆ ಬಂದವರ ಸಾಲು ನೋಡಬೇಕಿತ್ತು. ಚರ್ಚಿನಿಂದ ಹೊಸ ಪಾಸ್ಟರು ಬಂದರು, ಎಳೆಯ ಮನುಷ್ಯ, ಒಳ್ಳೆಯ ಮನಸ್ಸಿನವನೇ. "ತಾಯಿ, ನಿಮಗ ಒಂಟಿತನ ಭಾಳ ಕಾಡಿತ್ತೇನ್ರಿ?" ಎಂದು ಮರುಗಿದ. ಒಂಟಿತನಕ್ಕೆ ಟಿ.ವಿ. ಹಾಕಿಕೊಳ್ಳುತ್ತಾರೆ, ಧರ್ಮ ಬದಲಿಸುತ್ತಾರೆಯೇ? ಖೂಬಾ ಪ್ಲಾಟಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿ ಒಬ್ಬಳು ಫೋನು ಮಾಡಿ, "ಬೇಜಾರ ಮಾಡ್ಕೋಬ್ಯಾಡ, ತಲೀದು ಒಂದು ಸ್ಕ್ಯಾನ್ ಮಾಡಿಸು. ಈ ವಯಸ್ಸಿನಾಗ ಮರವಿಗಿ ಹಿಂಗೆಲ್ಲ ಆಗ್ತದ" ಎಂದಳು. ಮರೆವು! ಆಕೆ ಯಾವ ವರ್ಷ ಯಾವ ಬಾಣಂತಿಗೆ ತಪ್ಪು ಇಂಜೆಕ್ಷನ್ ಕೊಡಲು ಹೊರಟಿದ್ದಳು, ನಾನು ಹೇಗೆ ಕೈ ಹಿಡಿದೆ ಎಂಬುದನ್ನೆಲ್ಲ ಅಲ್ಲೇ ನೆನಪಿಸಿದೆ. ಮತ್ತೆ ಫೋನು ಬರಲಿಲ್ಲ.

ಹೊಸ ಕಡೆಯವರೇನು ಕಡಿಮೆಯೇ? ಸ್ಟೇಶನ್ ಬಜಾರದ ಹತ್ತಿರ ಒಂದು ಮನೆಯಲ್ಲಿ ಹೆಂಗಸರ ಸಭೆಗೆ ಕರೆದರು. ನನ್ನನ್ನು ಮುಂದೆ ಕೂರಿಸಿದರು. ಕನಸು ಬಿತ್ತೇನ್ರೀ, ಬೆಳಕು ಕಂಡಿತೇನ್ರೀ ಎಂದು ಕೇಳಿದರು. ನನಗೆ ಗ್ಯಾಸಿನ ತೊಂದರೆ, ಕನಸು ಬೀಳುವಷ್ಟು ನಿದ್ದೆ ಬರುವುದಿಲ್ಲ ಎಂದೆ. ಅವರಿಗೆ ನಿರಾಸೆಯಾಯಿತು. ಆಗ ಸಭೆ ನಡೆಸುತ್ತಿದ್ದಾಕೆ, "ಮೊದಲ ಎಷ್ಟು ಕತ್ತಲದಾಗ ಇದ್ರಿ ಅನ್ನೋದರೆ ಹೇಳ್ರಿ" ಎಂದಳು.

ನಾನು ಎದ್ದು ನಿಂತೆ. ಮಂಡಿ ಹಿಡಿಯಿತು, ಆದರೂ ನಿಂತೆ. "ನಮ್ಮವ್ವ ಆ ಪುಸ್ತಕದ ಮ್ಯಾಲ ಬೆರಳಿಟ್ಟು ಅಕ್ಷರ ಕಲಿತಾಕಿ. ಆಕಿ ಹಚ್ಚಿದ ಓದಿನ ಹುಚ್ಚು ಇದ್ದದ್ದಕ್ಕೇ ನಾ ಈ ಪುಸ್ತಕ ಓದೀನಿ. ಆಕಿಗಿ ಕತ್ತಲಿ ಅಂತ ನನ್ನ ಬಾಯಿಲೆ ಅನ್ನಿಸಬೇಕಂತ ಕರದೀರೇನು?" ಶರಬತ್ತು ತಂದಿಟ್ಟಿದ್ದರು, ಕುಡಿಯದೆ ಬಂದೆ. ರೂಹಅಫ್ಜಾ ಬಣ್ಣದ ಒಳ್ಳೆಯ ಶರಬತ್ತು, ಆಮೇಲೆ ಸ್ವಲ್ಪ ಹೊಟ್ಟೆ ಉರಿಯಿತು. ಹೇಗೂ ನನಗೆ ಸಕ್ಕರೆ ಕೂಡದು.

ಇವರೆಲ್ಲ ಪರರು. ನನ್ನ ದೊಡ್ಡ ಸಿಟ್ಟು ಇದ್ದದ್ದು ತಮ್ಮನ ಮೇಲೆ.

ದಾನಿಯೇಲ ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಕಮಲಾಪುರದಲ್ಲೇ ಮನೆ, ಊರ ಹೊರಗೆ ಸ್ವಲ್ಪ ಕೆಂಪು ಬಾಳೆ. ಚರ್ಚಿನ ಕಮಿಟಿಯಲ್ಲಿದ್ದಾನೆ. ಕಲ್ಮಾ ಹೇಳಿದ ಮರುದಿನ ನಾನೇ ಫೋನು ಮಾಡಿ ತಿಳಿಸಿದೆ. ಅವನು, "ಅವ್ವ ಇದ್ದಿದ್ರ ನೀ ಹಿಂಗ ಮಾಡ್ತಿದ್ದಿ?" ಎಂದ.

"ಅವ್ವ ಇದ್ದಿದ್ರ ಆಕಿಗೂ ಓದಿ ಹೇಳ್ತಿದ್ದೆ."

"ಇನ್ನ ಮ್ಯಾಲ ನನಗ ಫೋನ್ ಮಾಡಬ್ಯಾಡ."

"ಮಾಡಂಗಿಲ್ಲ ಹೋಗು!" ಎಂದೆ.

ಹದಿನಾಲ್ಕು ತಿಂಗಳು ಇಬ್ಬರೂ ಮಾತಿಗೆ ತಪ್ಪಲಿಲ್ಲ. ಪ್ರತಿವರ್ಷ ಅವ್ವ ತೀರಿದ ದಿನ ನಾನು ಕಮಲಾಪುರಕ್ಕೆ ಹೋಗುತ್ತಿದ್ದೆ. ಇಬ್ಬರೂ ಸೇರಿ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಅಲ್ಲೇ ಕುಳಿತು ಒಂದಿಷ್ಟು ಜಗಳಾಡಿ ಬರುವುದು ರೂಢಿ. ಆ ವರ್ಷವೂ ಬಸ್ಸು ಹತ್ತಿ ಹೋದೆ. ನಾನು ಮುಟ್ಟುವಷ್ಟರಲ್ಲಿ ಸುಣ್ಣ ಬಳಿದಾಗಿತ್ತು, ಒಣಗಿಯೂ ಆಗಿತ್ತು. ಬೆಳಕು ಹರಿಯುವ ಮೊದಲೇ ಬಂದು ಮುಗಿಸಿ ಹೋಗಿದ್ದ, ನನ್ನ ಮುಖ ನೋಡಬಾರದೆಂದು. ನನಗೆ ಬಳಿಯಲು ಒಂದು ಮೂಲೆಯನ್ನೂ ಉಳಿಸಿರಲಿಲ್ಲ. ಅವ್ವನ ಮುಂದೆ ನಿಂತು ಅವನನ್ನು ಮನಸಾರೆ ಬೈದು, ಅವನ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಬಸ್‌ಸ್ಟ್ಯಾಂಡಿಗೆ ಬಂದೆ.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವನು ನನ್ನ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕೆಂಪು ಬಾಳೆಯ ಚಿಪ್ಪು. ಕೂದಲು ಪೂರಾ ಬಿಳಿಯಾಗಿತ್ತು. ಒಳಗೆ ಬಾ ಎಂದರೆ ಬರಲಿಲ್ಲ.

"ಒಂದ ಮಾತು ಕೇಳ್ಲಾಕ ಬಂದೀನಿ. ಕೇಳಿ ಹೋಗ್ತೀನಿ" ಎಂದ. ಬಸ್ಸಿನ ಆ ತುದಿಯಿಂದ ಈ ತುದಿಗೆ ಮುಟ್ಟುವ ದನಿ. ಪಕ್ಕದ ಮನೆಯಲ್ಲಿ ಆಪಾ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದ್ದು ಕೇಳಿಸಿತು.

ಈಗ ಬಂತು, ಯಾರ ಸಲುವಾಗಿ ಎಂದು ಇವನೂ ಕೇಳುತ್ತಾನೆ ಎಂದುಕೊಂಡೆ. ಹದಿನಾಲ್ಕು ತಿಂಗಳಿಂದ ಮಸೆದಿಟ್ಟ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು.

"ಕೇಳು" ಎಂದೆ.

"ನೀ ಸತ್ರ ಮಣ್ಣು ಎಲ್ಲಿ ಮಾಡಬೇಕು ನಿಂದು?"

ನಾನು ಬಾಗಿಲ ಚೌಕಟ್ಟು ಹಿಡಿದೆ. "ಇದು ಎಂಥ ಮಾತೋ?"

"ಹೇಳು. ಭಾನುವಾರ ಕಮಿಟಿಗಿ ಹೇಳಬೇಕು ನಾ."

ಆಮೇಲೆ ಒಂದೊಂದೇ ಹೊರಬಂತು. ಹನ್ನೊಂದು ವರ್ಷದ ಹಿಂದೆ ಅವ್ವನನ್ನು ಹೂಳಿದ ದಿನವೇ ಅವನು ಕಮಿಟಿಯವರ ಕೈಕಾಲು ಹಿಡಿದು ಅವ್ವನ ಪಕ್ಕದಲ್ಲಿ ಒಬ್ಬರ ಜಾಗ ಬಿಡಿಸಿಕೊಂಡಿದ್ದನಂತೆ. ನನಗಾಗಿ. "ಅಕ್ಕಗ ಗಂಡ ಇಲ್ಲ, ಮಕ್ಕಳಿಲ್ಲ. ಅವ್ವನ ಬಾಜೂಕ ಇರ್ಲಿ ಅಂದಿದ್ದೆ" ಎಂದ. ಅಂದಿನಿಂದ ಯಾರೇ ತೀರಿಕೊಳ್ಳಲಿ, ಇವನು ಎಲ್ಲರಿಗಿಂತ ಮೊದಲು ಹೋಗಿ ಆ ಜಾಗದ ಮೇಲೆ ನಿಲ್ಲುತ್ತಾನಂತೆ, ಬೇರೆ ಕಡೆ ಗುಂಡಿ ತೋಡಿ ಮುಗಿಯುವವರೆಗೆ. ಈಗ ಸ್ಮಶಾನದಲ್ಲಿ ಸ್ಥಳ ಸಾಲುತ್ತಿಲ್ಲ. ನಿನ್ನ ಅಕ್ಕ ಈಗ ನಮ್ಮವಳಲ್ಲ, ಜಾಗ ಬಿಡು ಎಂದು ಕಮಿಟಿಯವರು ಆರು ತಿಂಗಳಿಂದ ಹೇಳುತ್ತಿದ್ದಾರೆ. ಇವನು ಬಿಟ್ಟಿಲ್ಲ. ಹೋದ ತಿಂಗಳ ಸಭೆಯಲ್ಲಿ ಒಬ್ಬ ಹಿರಿಯ, ಮುದುಕಿಗೆ ಯಾವನೋ ಗಂಟುಬಿದ್ದಿರಬೇಕು ಎಂದು ನಕ್ಕನಂತೆ.

"ಅಂಗಿ ಹಿಡದು ಎಬ್ಬಿಸಿದೆ ಅವನಿಗಿ" ಎಂದ ತಮ್ಮ. ಅರವತ್ತು ವಯಸ್ಸಿನವನು, ಹೇಳುವಾಗಲೂ ತನ್ನ ಅಂಗಿಯ ಕಾಲರನ್ನೇ ಹಿಡಿದು ತೋರಿಸಿದ.

"ನನ್ನ ಜೋಡಿ ಮಾತು ಬಿಟ್ಟು, ನನ್ನ ಸಲುವಾಗಿ ಊರ ಮಂದಿ ಜೋಡಿ ಹೊಡದಾಡ್ಲಾಕತ್ತೀದಿ! ನನಗ ಯಾಕ ಹೇಳ್ಲಿಲ್ಲೋ?"

"ನೀ ನನಗ ಹೇಳ್ದೇನು?" ಎಂದು ಅವನು ಬಾಳೆಹಣ್ಣನ್ನು ಕಟ್ಟೆಯ ಮೇಲೆ ಕುಕ್ಕಿದ. "ಎಲ್ಲ ಆದ ಮ್ಯಾಲ ಫೋನ್ ಮಾಡಿದಿ. ಎರಡು ವರ್ಸ ಓದಿದ್ದೆ ಅಂದಿ. ಆ ಎರಡು ವರ್ಸದಾಗ ಎಷ್ಟು ಸಲ ಊರಿಗಿ ಬಂದಿ? ನನ್ನ ಮನ್ಯಾಗ ಉಂಡಿ. ಒಂದ ದಿನ ಅರೆ, ದಾನ್ಯಾ, ನಾ ಹಿಂಗ ಓದ್ಲಾಕತ್ತೀನಿ, ನನ್ನ ಮನಸ್ಸು ಹಿಂಗ ಆಗ್ಯಾದ ಅಂದೇನು? ಪಕ್ಕದ ಮನಿ ಮುದುಕಿಗಿ ಹೇಳಿದಿ. ನಾ ಯಾರೂ ಅಲ್ಲೇನು?"

ಹದಿನಾಲ್ಕು ತಿಂಗಳಿಂದ ಊರವರಿಗೆಲ್ಲ ಉತ್ತರ ಕೊಟ್ಟ ಬಾಯಿ ನನ್ನದು. ಆಗ ಅವನು ಕುಕ್ಕಿದ ಬಾಳೆಯ ಚಿಪ್ಪನ್ನು ಎತ್ತಿ ನೆಟ್ಟಗೆ ಇಟ್ಟೆ. ನಿಜ, ಹೇಳಿರಲಿಲ್ಲ. ಯಾರೂ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ ಎಂದು ಊರೆಲ್ಲ ಕೂಗಾಡಿದವಳು, ಕೇಳಿಸಿಕೊಳ್ಳಬಹುದಾಗಿದ್ದ ಒಬ್ಬನ ಮುಂದೆ ಬಾಯಿ ಮುಚ್ಚಿಕೊಂಡು ಕೋಳಿಸಾರು ಉಂಡು ಬಂದಿದ್ದೆ. ಹೆದರಿದ್ದೆ. ಅವನು ಬೇಡ ಅಕ್ಕಾ ಎಂದಿದ್ದರೆ ನಾನು ನಿಲ್ಲುತ್ತಿದ್ದೆನೇನೋ ಎಂಬ ಹೆದರಿಕೆ.

"ಈಗರೆ ಹೇಳು" ಎಂದ. ದನಿ ಇಳಿದಿತ್ತು. "ಅವ್ವನ ಬಾಜೂಕ ಬರ್ತಿಯೋ ಇಲ್ಲೋ?"

ಸುಳ್ಳು ಹೇಳಬಹುದಿತ್ತು. ಸತ್ತ ಮೇಲೆ ಯಾರು ಬಂದು ನನ್ನನ್ನು ಹಿಡಿಯುತ್ತಾರೆ? ಆದರೆ ಸುಳ್ಳು ಕೆಮ್ಮಿ ಸಾಕಾಗಿತ್ತು.

"ಇಲ್ಲ ತಮ್ಮಾ. ನನಗ ಇಲ್ಲೇ, ನಮ್ಮವರ ಕಬರಸ್ತಾನದಾಗ..."

ನಮ್ಮವರ ಎಂಬ ಮಾತು ಬಾಯಿ ತಪ್ಪಿ ಬಂದಿತ್ತು. ಅವನು ಮುಖ ತಿರುಗಿಸಿ ಗಲ್ಲಿಯ ಆ ತುದಿಯನ್ನು ನೋಡಿದ. ನಾನೂ ನೋಡಿದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಅಷ್ಟರಲ್ಲಿ ಆಪಾ ಗೋಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಚಹಾದ ಕಪ್ಪು, ಅರ್ಧ ತುಳುಕಿತ್ತು. ದನಿ ಬಂದ ಕಡೆ ಅದನ್ನು ಚಾಚಿ, "ಭಾಯಿ, ನಿಂತು ಜಗಳಾಡಬ್ಯಾಡ್ರಿ, ಕೂತು ಜಗಳಾಡ್ರಿ" ಎಂದರು. ಅವನಿಗೆ ಇವರೇ ಆ ಮುದುಕಿ ಎಂದು ತಿಳಿಯಿತು. ಬೇಡ ಎನ್ನುತ್ತಾನೆ ಎಂದುಕೊಂಡೆ. ತೆಗೆದುಕೊಂಡ. ಕಟ್ಟೆಯ ಮೇಲೆ ಕುಳಿತು, ಯಾರ ಕಡೆಗೂ ನೋಡದೆ ಕುಡಿದ. ಕಪ್ಪು ಕೆಳಗಿಟ್ಟು ಚೀಲ ಹೆಗಲಿಗೆ ಹಾಕಿದ.

"ಭಾನುವಾರ ಏನು ಹೇಳ್ತಿ ಅವರಿಗಿ?" ಎಂದೆ.

"ಜಾಗಾ ನಮ್ಮಕ್ಕಂದು ಅಂತ ಹೇಳ್ತೀನಿ."

"ನಾ ಬರಂಗಿಲ್ಲ ಅಂದೆನಲ್ಲೋ!"

"ಬರೋದು ಬಿಡೋದು ನಿನ್ನ ಮಾತು. ಜಾಗಾ ನಿಂದು. ಖಾಲಿ ಇರ್ತದ, ಇರ್ಲಿ."

ಹೋಗಿಬಿಟ್ಟ. ಅಂಥ ಮಾತು ಹೇಳಿದವನನ್ನು ಬೈಯಲು ಸಹ ಬರುವುದಿಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಎರಡು ದಿನ ಮನೆಯ ಪಾತ್ರೆಗಳೆಲ್ಲ ಸದ್ದು ಮಾಡಿದವು.

ಭಾನುವಾರ ಮಧ್ಯಾಹ್ನ ತಮ್ಮನ ಫೋನು ಬಂತು.

"ಹೇಳೀನಿ" ಎಂದ.

"ಏನಂದ್ರೋ?"

"ಏನರೆ ಅನ್ಲಿ" ಎಂದು ಇಟ್ಟುಬಿಟ್ಟ.